ರಂಜಕಾರೋಹಣ

ಕಬ್ಬಿಣದ ಉದರದಲ್ಲಿ ಸೆರೆಯಾಗಿದ್ದೂ ಸೆರೆಯಾಳೆನಿಸದವನೇ, ಏಳು ಬಾರ್ ಒತ್ತಡದಲ್ಲಿ ಹುಬ್ಬುಗಂಟಿಕ್ಕಿ ಕುಳಿತವನೇ, ಕಾರ್ಖಾನೆಯ ಸಕಲ ಯಂತ್ರಗಳಿಗೂ ಉಸಿರಾಗಿ ಸಂಚರಿಸುವ ಸಂಪೀಡಿತ ವಾಯುದೇವನೇ, ಈ ಕಥೆ ಹೇಳುವ ನಾಲಿಗೆಗೆ ಬಲ ಕೊಡು. ಸೀನು ಮಾತ್ರ ಕೊಡಬೇಡ, ಏಕೆಂದರೆ ಇದು ಮೆಣಸಿನಕಾಯಿಯ ಕಥೆ.

ಬ್ಯಾಡಗಿಯ ಹೊರವಲಯದಲ್ಲಿ, ಕೆಂಧೂಳನ್ನೇ ಧ್ವಜವಾಗಿ ಹಾರಿಸುತ್ತಿದ್ದ ತಗಡಿನ ಚಾವಣಿಯ ಕೆಳಗೆ, ರಂಜಕದ ಕಾರ್ಖಾನೆಯೊಂದಿತ್ತು. ಹಣ್ಣು ಮೆಣಸಿನಕಾಯಿಯನ್ನು ಉಪ್ಪು, ಲಿಂಬೆಹುಳಿ, ಬೆಳ್ಳುಳ್ಳಿಯೊಡನೆ ಅರೆದು, ಆ ಕೆಂಪು ಚಟ್ನಿಯನ್ನು ಬಾಟಲಿಗೆ ತುಂಬಿ ದೇಶದೇಶಾಂತರಗಳ ನಾಲಿಗೆಯನ್ನು ಸುಡುತ್ತಿದ್ದ ಆ ರಾಜ್ಯವನ್ನು ದಾನಮ್ಮ ಹುರಕಡ್ಲಿ ಎಂಬ ಮಿತಭಾಷಿಣಿ ಆಳುತ್ತಿದ್ದರು. ಅಲ್ಲಿ, ಅರೆಯುವ ಕೊಪ್ಪರಿಗೆಯಿಂದ ಬಾಟಲಿಯಂತ್ರದ ನೆತ್ತಿಯ ಮೇಲಿನ ತೊಟ್ಟಿಗೆ ರಂಜಕವನ್ನೇರಿಸುವ ಮಹತ್ಕಾರ್ಯವು ಒಂದು ಡಯಾಫ್ರಾಮ್ ಪಂಪಿನ ಪಾಲಿಗಿತ್ತು. ವಿದ್ಯುತ್ತನ್ನು ಮುಟ್ಟದೆ ಗಾಳಿಯನ್ನಷ್ಟೇ ಉಂಡು, ಎದೆಯೊಳಗಿನ ಎರಡು ರಬ್ಬರ್ ಪೊರೆಗಳನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಡಿಯುತ್ತ, ಒಂದು ಬಾಯಿಂದ ಹೀರಿ ಇನ್ನೊಂದು ಬಾಯಿಂದ ಉಗುಳುತ್ತ, ಆ ಪವನಾಶನವು ಆರು ವರ್ಷ ದುಡಿದಿತ್ತು. ಆದರೆ ಅದರದು ಅಲ್ಯೂಮಿನಿಯಂ ದೇಹ. ಲಿಂಬೆಹುಳಿ ಮತ್ತು ಉಪ್ಪು ಎಂಬ ಇಬ್ಬರು ಮಹಾದಸ್ಯುಗಳು ಅದನ್ನು ಒಳಗಿನಿಂದಲೇ ತಿನ್ನುತ್ತ ಬಂದು, ಮಾಘಮಾಸದ ಒಂದು ಮಂಗಳವಾರ ಬೆಳಗಿನ ಹತ್ತು ಗಂಟೆಗೆ ಅದರ ಪಕ್ಕೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು ಕೊರೆದರು. ಪಂಪ್ ಬುಸುಗುಟ್ಟಿ ನಿಂತಿತು.

ಅಂದಿನಿಂದ ನಾಲ್ವರು ಹೆಂಗಸರು ಬಕೆಟ್ಟಿನಲ್ಲಿ ರಂಜಕ ತುಂಬಿಕೊಂಡು ಕಬ್ಬಿಣದ ಏಣಿ ಹತ್ತಿ ತೊಟ್ಟಿಗೆ ಸುರಿಯಬೇಕಾಯಿತು. ಕೈಗವಸಿನೊಳಕ್ಕೂ ನುಸುಳಿ ಮೊಣಕೈವರೆಗೆ ಉರಿ ಹಚ್ಚುವ ಆ ದ್ರವದ ದೆಸೆಯಿಂದ, ಅವರಲ್ಲಿ ಹಿರಿಯಳಾದ ಹುಲಿಗೆವ್ವ ಮನೆಯಲ್ಲಿ ಮೊಮ್ಮಗಳನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದಳು. ಎಷ್ಟು ತೊಳೆದರೂ ಕೈ ಸೋಕಿದರೆ ಮಗು ಚಿಟ್ಟನೆ ಚೀರುತ್ತಿತ್ತು.

ಹೊಸ ಪಂಪ್ ಕೊಳ್ಳಲು ದಾನಮ್ಮ ಅಂದೇ ಒಪ್ಪಿದ್ದರು. ಆದರೆ ಯಾವ ಪಂಪ್ ಎಂಬಲ್ಲಿ ಯುದ್ಧ ಹುಟ್ಟಿತು.

ಒಂದು ಪಕ್ಷದಲ್ಲಿ ದುರಸ್ತಿ ವಿಭಾಗದ ಮೇಸ್ತ್ರಿ ಫಕ್ಕೀರಪ್ಪ ಸಂಶಿ: ಸ್ಪ್ಯಾನರ್‌ಪಾಣಿ, ಗ್ರೀಸ್‌ಲೇಪಿತಬಾಹು, ತುಕ್ಕುಹಿಡಿದಬೋಲ್ಟುಬಂಧವಿಮೋಚಕ. ಪ್ರತಿಪಕ್ಷದಲ್ಲಿ ಖರೀದಿ ವಿಭಾಗದ ಅನಸೂಯಾ ಕಬ್ಬೂರ: ಕೊಟೇಶನ್‌ಶತಮಥನಚತುರೆ, ಕನ್ನಡಕಾಂತರ್ಗತತೀಕ್ಷ್ಣನೇತ್ರೆ, ಸಹಿಯಿಲ್ಲದೆ ಒಂದು ವಾಷರನ್ನೂ ಒಳಗೆ ಬಿಡದ ದ್ವಾರಪಾಲಕಿ. ದಾನಮ್ಮನವರ ಕೋಣೆಯಲ್ಲಿ, ಚಹಾದ ಲೋಟಗಳನ್ನು ನಡುವೆ ಇಟ್ಟುಕೊಂಡು, ಈ ಇಬ್ಬರೂ ಒಂದು ವಾರ ಪರಸ್ಪರ ಗರ್ಜಿಸಿದರು.

“ಇಪ್ಪತ್ತೆರಡ ವರ್ಷದಾಗ ಸಣ್ಣ ಪಂಪ್ ಮುಟ್ಟಿದವ ಅಲ್ಲರಿ ನಾ,” ಎಂದ ಫಕ್ಕೀರಪ್ಪ. “ಎರಡಿಂಚಿಂದು ಸ್ಟೀಲ್ ಪಂಪ್ ತರಿಸ್ರಿ. ರಂಜಕ ಏನ್ ಬಂತು, ಊರ ಕೆರೀನ ಎತ್ತಿ ತೋರಿಸ್ತೇನಿ.”

“ಕೆರಿ ಎತ್ತಾಕ ಯಾರ ಹೇಳ್ಯಾರ್ರಿ ನಿಮಗ?” ಎಂದಳು ಅನಸೂಯಾ. “ಒಂದಿಂಚಿಂದು ಪ್ಲಾಸ್ಟಿಕ್ ಪಂಪ್ ಸಾಕು. ಹುಳಿ, ಉಪ್ಪು ಅದರ ಕೂದಲಾ ಸೈತ ಕೊಂಕ್ಸಂಗಿಲ್ಲ. ಬರದ ಕೊಡ್ತೇನಿ ಬೇಕಾದ್ರ.”

ಅವನು ಪ್ಲಾಸ್ಟಿಕ್ಕನ್ನು ಮಕ್ಕಳ ಆಟಿಕೆಯೆಂದು ಜರೆದ. ಅವಳು ಸ್ಟೀಲನ್ನು ಮದುವೆಮನೆಯ ಹಂಡೆಗೆ ಹೋಲಿಸಿದಳು. ಹುಬ್ಬಳ್ಳಿಯಿಂದ ಬಂದ ಪಂಪ್ ವ್ಯಾಪಾರಿ ಇಮ್ತಿಯಾಜ ನದಾಫ, ಸೌಮ್ಯಸ್ವಭಾವದ ಮನುಷ್ಯ, ಈ ಬಾಣವರ್ಷದ ನಡುವೆ ಮೂರೇ ಮೂರು ಸಂಗತಿ ಕೇಳಿದ: ರಂಜಕ ಎಷ್ಟು ಗಟ್ಟಿ, ಅದರಲ್ಲಿನ ಅತಿ ದೊಡ್ಡ ಚೂರು ಎಷ್ಟು ದಪ್ಪ, ಕಂಪ್ರೆಸರ್ ಕೊಡುವ ಗಾಳಿ ಎಷ್ಟು. ವೀರರಿಗೆ ಅದು ಕೇಳಿಸಲಿಲ್ಲ. ಅವನು ಮೂರನ್ನೂ ಮತ್ತೊಮ್ಮೆ ಕೇಳಿ, ಚಹಾ ಮುಗಿಸಿ, ಶುಕ್ರವಾರ ಎರಡೂ ಪಂಪುಗಳನ್ನು ಪರೀಕ್ಷೆಗೆ ತರುವೆನೆಂದು ಹೇಳಿ ಹೋದ.

ಬುಧವಾರ ಹುಲಿಗೆವ್ವ ಆ ಕೋಣೆಯ ಬಾಗಿಲಿಗೆ ಬಂದು ನಿಂತಳು. ದನಿ ಏರಿಸಲಿಲ್ಲ.

“ಸೋಮವಾರದಿಂದ ನಾವ್ ಬಕೆಟ್ ಹೊರಂಗಿಲ್ರಿ ಅಕ್ಕಾರ. ನಾಲ್ಕೂ ಮಂದಿ ಮಾತಾಡಿಕೊಂಡೇವಿ.”

ಹೇಳಿ ಹೊರಟುಹೋದಳು. ದಾನಮ್ಮ ಇಬ್ಬರು ವೀರರ ಮುಖವನ್ನೂ ನೋಡಿ, ಶುಕ್ರವಾರವೇ ತೀರ್ಮಾನವಾಗಬೇಕೆಂದರು. ಸೋಮವಾರ ತೊಟ್ಟಿ ತುಂಬದಿದ್ದರೆ ಹಣ್ಣು ಮೆಣಸಿನಕಾಯಿ ಕೊಪ್ಪರಿಗೆಯಲ್ಲೇ ಹುಳಿತು ಹೋಗುತ್ತಿತ್ತು.

ಶುಕ್ರವಾರ ಬಂದಿತು. ಇಮ್ತಿಯಾಜನ ವ್ಯಾನಿನಿಂದ ಎರಡು ಪಂಪುಗಳೂ ರಣರಂಗಕ್ಕಿಳಿದವು. ಕೊಪ್ಪರಿಗೆಯ ಸುತ್ತ ಕೆಲಸಗಾರರೆಲ್ಲ ಮೂಗಿಗೆ ಸೆರಗು, ಟವೆಲ್ಲು ಕಟ್ಟಿಕೊಂಡು ವ್ಯೂಹವಾಗಿ ನೆರೆದರು.

ಮೊದಲು ಅನಸೂಯಾಪಕ್ಷದ ಒಂದಿಂಚಿನ ಪ್ಲಾಸ್ಟಿಕ್‌ಕಾಯವು ಕಾಳಗಕ್ಕೆ ಇಳಿಯಿತು. ಗಾಳಿ ಬಿಟ್ಟೊಡನೆ ಟಕಟಕ ಸದ್ದು ಮಾಡುತ್ತ, ನೆಲಕ್ಕೆ ಬೋಲ್ಟು ಹಾಕಿರದ ಕಾರಣ, ಅದು ಕುಪ್ಪಳಿಸುತ್ತ ಮುಂದೆ ಹೊರಟಿತು. ಮೂರು ಹೆಜ್ಜೆ ಶೌರ್ಯದಿಂದ ನಡೆದು, ಎರಡು ಲೋಟದಷ್ಟು ರಂಜಕವನ್ನೂ ಎತ್ತಿತು. ಆಮೇಲೆ ಮೆಣಸಿನ ತೊಟ್ಟಿನ ಚೂರೊಂದು ಅದರ ಗಂಟಲಲ್ಲಿ ಸಿಕ್ಕಿಕೊಂಡಿತು. ಪಂಪ್ ಒಮ್ಮೆ ನಡುಗಿ, ಗೋಡೆಗೆ ಮುಖಮಾಡಿ ನಿಂತುಬಿಟ್ಟಿತು. ಅನಸೂಯಾ ಕನ್ನಡಕ ತೆಗೆದು ಒರೆಸಿಕೊಂಡಳು.

ಫಕ್ಕೀರಪ್ಪ ತೋಳು ಮಡಿಸಿ, ತನ್ನ ಎರಡಿಂಚಿನ ಲೋಹಮಹಾಕಾಯದ ಗಾಳಿಕವಾಟವನ್ನು ಪೂರ್ತಿ ತೆರೆದ. ಆಹಾ, ಆ ಘೋಷವನ್ನೇನೆಂದು ಬಣ್ಣಿಸಲಿ. ಚಾವಣಿಯ ತಗಡು ಅದುರಿತು. ಪಾರಿವಾಳಗಳು ಎದ್ದು ಹೋದವು. ರಂಜಕವು ಕೆಂಪು ಕಾಳಿಂಗನಂತೆ ಕೊಳವೆಯೊಳಗೆ ಹೆಡೆಯೆತ್ತಿತು. ಆದರೆ ಆ ಹೊಟ್ಟೆಬಾಕನು ಮೂರು ಉಸಿರಿಗೆ ಇಡೀ ಕಾರ್ಖಾನೆಯ ಗಾಳಿಯನ್ನು ಕುಡಿದುಬಿಟ್ಟ. ಒತ್ತಡದ ಮುಳ್ಳು ಏಳರಿಂದ ಎರಡಕ್ಕೆ ಬಿತ್ತು. ಬಾಟಲಿಗೆ ಮುಚ್ಚಳ ಬಿಗಿಯುವ ಯಂತ್ರವು ಎತ್ತಿದ ಕೈ ಎತ್ತಿದಂತೆಯೇ ಸ್ತಬ್ಧವಾಯಿತು. ಲೇಬಲ್ ಅಂಟಿಸುವ ಯಂತ್ರವೂ ನಿಂತಿತು. ಕೊನೆಗೆ ಮಹಾಕಾಯನೂ ತೇಗಿ ನಿಂತ.

ಅರ್ಧದಾರಿಯಲ್ಲಿ ನಿಂತ ರಂಜಕದ ಭಾರಕ್ಕೆ ಕೊಳವೆ ಜಾರತೊಡಗಿತು. ತನ್ನ ಪಂಪಿನ ಮಾನ ಉಳಿಸಲು ಫಕ್ಕೀರಪ್ಪ ಹಾರಿ ಅದನ್ನು ಹಿಡಿದ. ಚಟ್ನಿ ಹಾಳಾಗದಿರಲೆಂದು ಅನಸೂಯಾ ಇನ್ನೊಂದು ಬದಿಯಿಂದ ಹಿಡಿದಳು. ಇಬ್ಬರೂ ತಮ್ಮ ತಮ್ಮ ಕಡೆಗೆ ಎಳೆದರು. ಕೊಳವೆ ಕಳಚಿಕೊಂಡು, ಭುಜದಿಂದ ಬೆರಳತುದಿಯವರೆಗೆ ಇಬ್ಬರನ್ನೂ ಸಮಾನವಾಗಿ ಕೆಂಪಗೆ ಅಭಿಷೇಕಿಸಿತು.

ಹುಲಿಗೆವ್ವ ಇಬ್ಬರನ್ನೂ ನಲ್ಲಿಯ ಬಳಿ ಕೂರಿಸಿ ತೊಳೆಸಿ, ಶೇಂಗಾ ಎಣ್ಣೆ ಸವರಿದಳು. ತುಕ್ಕುಹಿಡಿದಬೋಲ್ಟುಬಂಧವಿಮೋಚಕನ ಕಣ್ಣಲ್ಲಿ ನೀರಿತ್ತು.

“ದಿನಾ ಹಿಂಗ ಉರಿತೈತೇನು ನಿಮಗ?” ಎಂದು ಅವನು ಮೆಲ್ಲಗೆ ಕೇಳಿದ.

“ಇವತ್ತ ಕಡಿಮಿರಿ. ಗಾಳಿ ಐತಿ,” ಎಂದಳು ಹುಲಿಗೆವ್ವ.

ಅನಸೂಯಾ ತಲೆ ತಗ್ಗಿಸಿದಳು. ಸ್ವಲ್ಪ ಹೊತ್ತಿಗೆ ಇಮ್ತಿಯಾಜನನ್ನು ಕರೆದು, ಮೊನ್ನೆ ನೀವು ಕೇಳಿದ್ದು ಏನೆಂದು ವಿಚಾರಿಸಿದಳು. ಅವನು ಅದೇ ಮೂರು ಪ್ರಶ್ನೆಗಳನ್ನು ಅದೇ ಸೌಮ್ಯತೆಯಿಂದ ಕೇಳಿದ. ಮೊದಲೆರಡಕ್ಕೆ ಹುಲಿಗೆವ್ವ ಉತ್ತರ ಕೊಟ್ಟಳು: ರಂಜಕ ಇಡ್ಲಿ ಹಿಟ್ಟಿಗಿಂತ ಗಟ್ಟಿ, ಕಡಲೆಹಿಟ್ಟಿನ ಝುಣಕಕ್ಕಿಂತ ತೆಳು, ದೊಡ್ಡ ಚೂರೆಂದರೆ ತನ್ನ ಕಿರುಬೆರಳಿನ ಉಗುರಿನಷ್ಟು. ಮೂರನೆಯದಕ್ಕೆ ಫಕ್ಕೀರಪ್ಪ ಕಂಪ್ರೆಸರ್‌ನ ಫಲಕವನ್ನು ಒರೆಸಿ ಓದಿದ; ಮುಚ್ಚಳದ ಯಂತ್ರ ಮತ್ತು ಲೇಬಲ್ ಯಂತ್ರಕ್ಕೆ ಬೇಕಾದ ಗಾಳಿಯನ್ನು ಅನಸೂಯಾ ಅದರಿಂದ ಕಳೆದಳು. ಒಂದೂವರೆ ಇಂಚಿನ ಸ್ಟೀಲ್ ಪಂಪ್, ಹುಳಿಗೂ ಖಾರಕ್ಕೂ ಜಗ್ಗದ ಟೆಫ್ಲಾನ್ ಪೊರೆ, ಎಂದು ಇಮ್ತಿಯಾಜ ಹೇಳಿದ. ಸ್ಟೀಲ್ ಬಂತೆಂದು ಫಕ್ಕೀರಪ್ಪ ಒಳಗೊಳಗೇ ವಿಜಯಿಯಾದ. ಗಾತ್ರ ಇಳಿಯಿತೆಂದು ಅನಸೂಯಾ ಒಳಗೊಳಗೇ ವಿಜಯಿಯಾದಳು. ತರಿಸಿರಿ ಎಂದರು ದಾನಮ್ಮ.

ಸೋಮವಾರ ಬೆಳಿಗ್ಗೆ ಪಂಪ್ ನೆಲಕ್ಕೆ ಬಿಗಿಯಲ್ಪಟ್ಟಿತು. ಫಕ್ಕೀರಪ್ಪ ಕವಾಟವನ್ನು ಅರ್ಧದಷ್ಟೇ, ಮಗುವಿನ ಕಿವಿ ಹಿಂಡುವಷ್ಟು ಮೆತ್ತಗೆ, ತಿರುಗಿಸಿದ. ಪಂಪ್ ದಡಕ್ ದಡಕ್ ಎಂದಿತು. ಮುಚ್ಚಳದ ಯಂತ್ರ ನಿಲ್ಲಲಿಲ್ಲ. ಜನರು ಉಸಿರು ಬಿಗಿಹಿಡಿದು ನೋಡುತ್ತಿರಲು, ರಂಜಕವು ಕೊಳವೆಯನ್ನೇರಿ, ಕೊಳವೆಯ ಬಾಗನ್ನು ದಾಟಿ, ತೊಟ್ಟಿಯೊಳಕ್ಕೆ ಪೊಳಕ್ಕನೆ ಬಿದ್ದಿತು. ಆಮೇಲೆ ಮತ್ತೊಮ್ಮೆ ಪೊಳಕ್ಕೆಂದಿತು. ಹನ್ನೊಂದು ನಿಮಿಷಕ್ಕೆ ತೊಟ್ಟಿ ತುಂಬಿತು. ಅವನು ಕವಾಟ ಮುಚ್ಚಿದ. ನೋಡಲು ಇನ್ನೇನೂ ಉಳಿದಿರಲಿಲ್ಲವಾಗಿ ಜನರು ಒಬ್ಬೊಬ್ಬರಾಗಿ ಕರಗಿದರು.

ಇಮ್ತಿಯಾಜ ಗ್ಯಾರಂಟಿ ಪತ್ರವನ್ನು ಡ್ರಮ್ಮಿನ ಮೇಲೆ ಹರಡಿ, ರಂಜಕ ಏರುವ ಎತ್ತರ ಎಷ್ಟೆಂದು ಬರೆಯಬೇಕೆಂದ. ಇಪ್ಪತ್ತು ಅಡಿ ಇರಬೇಕೆಂದ ಫಕ್ಕೀರಪ್ಪ. ಹದಿನೈದಕ್ಕಿಂತ ಹೆಚ್ಚಿರಲಾರದೆಂದಳು ಅನಸೂಯಾ. ಇಮ್ತಿಯಾಜ ಜೇಬಿನಿಂದ ಟೇಪು ತೆಗೆದು ಹಿಡಿದ. ಏಳು ಅಡಿ ಎರಡು ಇಂಚು. ಅವರಿಬ್ಬರೂ ಟೇಪನ್ನು ಒಮ್ಮೆ, ತೊಟ್ಟಿಯನ್ನು ಒಮ್ಮೆ ನೋಡಿದರು.

ಮುಂದಿನ ಸಾಲಿನಲ್ಲಿ ಪಂಪಿನ ಕೆಲಸವೇನೆಂದು ಬರೆಯಬೇಕಿತ್ತು. ವೀರರಿಬ್ಬರೂ ಯೋಗ್ಯವಾದ ಪದ ಹುಡುಕುತ್ತ ನಿಂತರು.

“ಚಟ್ನಿ ಮ್ಯಾಲೆ ಹಾಕೂದು,” ಎಂದಳು ಹುಲಿಗೆವ್ವ, ಹಾದುಹೋಗುತ್ತ.

ಇಮ್ತಿಯಾಜ ಅಷ್ಟನ್ನೇ ಬರೆದುಕೊಂಡ. ಆ ಸಾಲಿನಲ್ಲಿ ಇನ್ನೂ ಬಹಳ ಜಾಗ ಉಳಿದಿತ್ತು.