ಇಂದೂರಿನ ಅಜ್ಜಿಗೆ ಕಟ್ಟಿದ ತಣ್ಣನೆಯ ಪಟ್ಟಿ

ಮುಂಡಗೋಡದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಬಹಳ ವರ್ಷ ಗಾಯ ತೊಳೆದು ಪಟ್ಟಿ ಕಟ್ಟಿದವಳು ನಾನು. ಈಗ ನೆನೆಸಿಕೊಂಡು ನಗುವಂಥವು ಅಲ್ಲಿ ವಾರಕ್ಕೊಂದಾದರೂ ಆಗುತ್ತಿದ್ದವು. ಆಗುವಾಗ ಮಾತ್ರ ಯಾರಿಗೂ ನಗು ಬರುತ್ತಿರಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಬಂದ, ಪಕ್ಕದ ಇಂದೂರು ಹಳ್ಳಿಯ ಅಜ್ಜಿಯದೇ ಮೂರಿವೆ.

೧. ಜಿಗಣಿ

ಅಜ್ಜಿಗೆ ಸಕ್ಕರೆ ಕಾಯಿಲೆ. ಮೊಣಕಾಲ ಕೆಳಗೆ ಕುಡಗೋಲು ತಾಗಿದ ಗಾಯ ಎರಡು ತಿಂಗಳಾದರೂ ಮಾಯ್ದಿರಲಿಲ್ಲ. ನಂಜು ಏರಿದರೆ ಕಾಲನ್ನೇ ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು. ಅವರೇ ಹುಬ್ಬಳ್ಳಿಯಿಂದ ಹೊಸ ನಮೂನೆಯ ಪಟ್ಟಿ ತರಿಸಿದರು. ಎಳನೀರಿನ ಗಂಜಿಯ ಹಾಗೆ ತಣ್ಣಗೆ, ನುಣ್ಣಗೆ. ನಂಜು ತಡೆಯುತ್ತದೆ, ಗಾಯ ಒಣಗಿ ಬಿರಿಯದಂತೆಯೂ ಕಾಯುತ್ತದೆ ಅಂದರು.

ಅದನ್ನು ಕಂಡದ್ದೇ ಅಜ್ಜಿ ಕಾಲು ಎಳೆದುಕೊಂಡಳು. “ಜಿಗಣಿ! ಹಚ್ಚಬ್ಯಾಡ್ರಿ ಬಾಯಾರ!”

ಧೈರ್ಯ ತುಂಬಲು ಒಂದು ತುಂಡನ್ನು ನನ್ನ ಕೈಮೇಲೇ ಇಟ್ಟುಕೊಂಡೆ. “ನೋಡಬೇ, ಕಚ್ಚತೈತೇನು?”

“ನಿಮಗ ಸಕ್ಕರಿ ಕಾಯಿಲೆ ಇಲ್ಲಲ್ರಿ. ಅದಕ್ಕ ಸಿಹಿ ರಕ್ತ ಬೇಕು.”

೨. ಕರಗಿತು

ಮೂರನೆಯ ದಿನ ಪಟ್ಟಿ ಬಿಚ್ಚಿದೆ. ಒಳಗೆಲ್ಲ ಹಳದಿ ಬಣ್ಣದ ಲೋಳೆ. ಮಾಂಸವೇ ಕರಗಿ ಬಂತೆಂದು ನನ್ನ ಜೀವ ಹಾರಿಹೋಯಿತು. “ಡಾಕ್ಟ್ರ!” ಎಂದು ಚೀರಿ ಗೋಡೆ ಹಿಡಿದು ಕುಸಿದೆ.

ಡಾಕ್ಟರು ಓಡಿ ಬಂದು ಲೋಳೆ ತೊಳೆದು ತೋರಿಸಿದರು. ಅಡಿಯಲ್ಲಿ ಕೆಂಪಗೆ ಹೊಸ ಮಾಂಸ! ಗಾಯದ ನೀರು ಕುಡಿದು ಪಟ್ಟಿ ಉಬ್ಬಿತ್ತು, ಅಷ್ಟೆ.

ಅಜ್ಜಿ ಮಂಚದಿಂದ ಕೆಳಗಿಳಿದು ನನ್ನ ಪಕ್ಕ ನಿಂತಳು. “ಸಾಹೇಬ್ರ, ನಂದು ಆಮ್ಯಾಲ ನೋಡೂಣು. ಮೊದಲ ಈ ಬಾಯಾರನ್ನ ಮಲಗಸ್ರಿ.”

೩. ಯಾತರದು?

ಗಾಯ ಅರ್ಧ ಮಾಯ್ದ ಮೇಲೆ ಅಜ್ಜಿ ಕೇಳಿದಳು: “ಇದನ್ನ ಯಾತರಲೆ ಮಾಡ್ತಾರ್ರಿ?”

ಡಾಕ್ಟರು ಯೋಚಿಸದೆ ಹೇಳಿಬಿಟ್ಟರು: “ಸಮುದ್ರದ ಸಿಗಡಿ ಚಿಪ್ಪಿನಿಂದ.”

ಅಜ್ಜಿಯ ಕೈ ಕೊರಳಲ್ಲಿದ್ದ ಲಿಂಗದ ಮೇಲೆ ಹೋಯಿತು. ಮನೆತನದಲ್ಲಿ ಯಾರೂ ಮೊಟ್ಟೆ ಕೂಡ ಮುಟ್ಟಿದವರಲ್ಲ. “ತೆಗೀರಿ ಅದನ್ನ” ಎಂದಳು. ತೆಗೆದರೆ ಮತ್ತೆ ನಂಜೇರುವ ಭಯ ನಮಗೆ. ಡಾಕ್ಟರು ಹಣೆಯ ಬೆವರು ಒರೆಸಿಕೊಂಡರು. ನಾನು ಕತ್ತರಿ ಹಿಡಿದು ನಿಂತೇ ಇದ್ದೆ.

ಅಜ್ಜಿ ಲಿಂಗವನ್ನೊಮ್ಮೆ, ಕಾಲನ್ನೊಮ್ಮೆ ನೋಡಿದಳು. ಆಮೇಲೆ, “ಇರ್ಲಿ ಬಿಡ್ರಿ. ತಿಂದದ್ದು ಕಾಲು, ನಾ ಅಲ್ಲ” ಎಂದಳು.

ನಾನು ಕತ್ತರಿ ಕೆಳಗಿಟ್ಟೆ. ಅಜ್ಜಿ ಮಾತ್ರ ಬಾಗಿಲ ಕಡೆ ನೋಡಿ, ನನ್ನ ಸೆರಗು ಜಗ್ಗಿ ಪಿಸುಗುಟ್ಟಿದಳು:

“ನಮ್ಮ ಸೊಸಿಗಿ ಹೇಳಬ್ಯಾಡ್ರಿ ಮತ್ತ. ನನ್ನ ಒಳಗ ಕರಕೊಂಡು, ಕಾಲಷ್ಟ ಅಡಿಗಿಮನಿ ಹೊರಗ ಇಡಸ್ತಾಳ.”