ನುಸಿಗುಳಿಗೆಯ ಹುಗ್ಗಿ

ಕಣ್ಣು ಕಾಣದವರನ್ನು, ಕಿವಿ ಕೇಳಿಸದವರನ್ನು ಕರೆಯಲು ನಮ್ಮಲ್ಲಿ ಹೆಸರುಗಳಿವೆ. ಮೂಗಿಗೆ ವಾಸನೆ ಹತ್ತದವನನ್ನು ಏನೆಂದು ಕರೆಯಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೆಸರಿಲ್ಲದ ಕೊರತೆಗೆ ಒಂದು ಅನುಕೂಲವಿದೆ; ಅದನ್ನು ಎಷ್ಟು ವರ್ಷ ಬೇಕಾದರೂ ಮುಚ್ಚಿಡಬಹುದು. ನಾನು ಒಂಬತ್ತು ವರ್ಷ ಮುಚ್ಚಿಟ್ಟೆ. ಪೀಣ್ಯದ ಒಂದು ಪ್ಲೇಟಿಂಗ್ ಕಾರ್ಖಾನೆಯಲ್ಲಿ, ನಲ್ಲಿಗಳಿಗೂ ಬೈಕಿನ ಬಿಡಿಭಾಗಗಳಿಗೂ ಹೊಳಪು ಹತ್ತಿಸುವ ತೊಟ್ಟಿಗಳ ಪಕ್ಕದಲ್ಲಿ ಸೂಪರ್‌ವೈಸರ್ ಆಗಿ ನಿಂತು ನಿಂತು ವಯಸ್ಸಾಗಿ, ಈಗ ನಿವೃತ್ತನಾಗಿ ಮನೆಯಲ್ಲಿರುವವನು ನಾನು. ಮೊದಮೊದಲು ಆ ತೊಟ್ಟಿಗಳ ಹೊಗೆಗೆ ಮೂಗು ಉರಿಯುತ್ತಿತ್ತು. ಆಮೇಲೆ ಉರಿಯುವುದು ನಿಂತಿತು. ಅಭ್ಯಾಸವಾಯಿತು ಎಂದು ಸಂತೋಷಪಟ್ಟೆ, ಹೊಸದಾಗಿ ಸೇರಿದವರಿಗೆ "ನೋಡ್ರೋ, ನನ್ ಥರ ಗಟ್ಟಿ ಇರ್ಬೇಕು" ಎಂದು ಬುದ್ಧಿಯನ್ನೂ ಹೇಳಿದೆ. ಅದು ಗಟ್ಟಿತನವಲ್ಲ, ಮೂಗು ನನಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿದೆ ಎಂದು ಡಾಕ್ಟರು ಹೇಳಿದ ದಿನ, ಆಸ್ಪತ್ರೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಮನೆಗೆ ಬಂದೆ.

ಹೆಂಡತಿಗೆ ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಮೊದಲ ವಾರ, ಕೆಲಸ ಬಿಡು ಎನ್ನುತ್ತಾಳೆ ಎಂಬ ಭಯ. ಮೊದಲ ವರ್ಷ, ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುತ್ತಾಳೆ ಎಂಬ ಭಯ. ಆಮೇಲೆ ಹೇಳುವ ವಯಸ್ಸೇ ದಾಟಿಹೋಯಿತು. ನನ್ನ ಹೆಂಡತಿ ಮೀನಾಕ್ಷಿ ಸಾರಿನ ಮುಚ್ಚಳ ತೆಗೆದಾಗ ನಾನು ಅವಳ ಮುಖ ನೋಡುತ್ತಿದ್ದೆ. ಅವಳ ಹುಬ್ಬು ಸ್ವಲ್ಪ ಮೇಲೆ ಹೋದರೆ "ಏನ್ ಘಮ ಕಣೇ" ಎನ್ನುತ್ತಿದ್ದೆ. ಬಸ್ಸಿನಲ್ಲಿ ಮೋರಿ ದಾಟುವಾಗ ಎಲ್ಲರೂ ಕರವಸ್ತ್ರ ತೆಗೆಯುವುದನ್ನು ನೋಡಿ ನಾನೂ ತೆಗೆಯುತ್ತಿದ್ದೆ. ಎಷ್ಟೋ ಸಲ ಮೋರಿ ದಾಟಿ ಬಹಳ ಹೊತ್ತಾದ ಮೇಲೂ ಮೂಗು ಮುಚ್ಚಿಕೊಂಡೇ ಕೂತಿರುತ್ತಿದ್ದೆ, ಪಕ್ಕದಲ್ಲಿ ಕೂತವರು ತಮ್ಮ ಅಂಗಿಯನ್ನು ಮೂಸಿ ನೋಡಿಕೊಳ್ಳುತ್ತಿದ್ದರು. ಹೀಗೆ ನಟಿಸಿ ನಟಿಸಿ ನಮ್ಮ ಬಳಗದಲ್ಲಿ ನಾನು ಬಹಳ ಚುರುಕು ಮೂಗಿನವನು ಎಂಬ ಹೆಸರು ಬಂದುಬಿಟ್ಟಿತು. ಯಾರಾದರೂ ಹೊಸ ಕಾಫಿಪುಡಿ ತಂದರೆ ಮೊದಲು ನನ್ನ ಮುಂದೆ ಹಿಡಿಯುತ್ತಿದ್ದರು.

ಮೀನಾಕ್ಷಿ ಲಗ್ಗೆರೆಯ ಒಂದು ಸಣ್ಣ ಶಾಲೆಯಲ್ಲಿ ಎರಡನೇ ತರಗತಿಯ ಟೀಚರು. ಹೋದ ವರ್ಷದವರೆಗೆ ಅಲ್ಲಿ ಸಂಕ್ರಾಂತಿ ಎಂದರೆ ನಾಲ್ಕು ಚೂಟಿ ಮಕ್ಕಳು ಕುಣಿಯುವುದು, ಉಳಿದವರು ಚಪ್ಪಾಳೆ ತಟ್ಟುವುದು. ಈ ವರ್ಷ ಅವಳಿಗೆ ಅದು ಬೇಡವಾಯಿತು. ಅವಳ ತರಗತಿಯಲ್ಲಿ ಗಾಲಿಕುರ್ಚಿಯ ಮೇಲೆ ಬರುವ ಒಂದು ಮಗುವಿದೆ, ಸದ್ದು ಜೋರಾದರೆ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಹೋಗುವ ಇನ್ನೊಂದಿದೆ, ಪಲ್ಲವಿ ಇದ್ದಾಳೆ. ಪಲ್ಲವಿಗೆ ಎಂಟು ವರ್ಷ. ಕಣ್ಣು ಕಾಣುವುದಿಲ್ಲ, ಮಾತು ಎಣಿಸಿದಷ್ಟು. ಇವರೆಲ್ಲರೂ ಒಳಗಿರುವಂಥ ಒಂದು ಕಥೆಯನ್ನು ಮೀನಾಕ್ಷಿ ಬರೆದಳು. ಹತ್ತು ಸಾಲಿನ ಕಥೆ. ಒಂದೊಂದು ಸಾಲಿಗೂ ಮುಟ್ಟಲೋ ಕೇಳಲೋ ಮೂಸಲೋ ಒಂದೊಂದು ವಸ್ತು. ಗದ್ದೆಯಲ್ಲಿ ಬೆಳೆ ಬಂತು ಎಂದರೆ ಎಲ್ಲರ ಅಂಗೈಗೂ ಭತ್ತದ ಹುಲ್ಲು. ಚಳಿಗಾಳಿ ಬೀಸಿತು ಎಂದರೆ ಬೀಸಣಿಗೆ, ನಾಲ್ಕು ಹನಿ ತಣ್ಣೀರು. ಎಲ್ಲರೂ ಗದ್ದೆಯಲ್ಲಿದ್ದಾರೆ, ಮನೆಯಲ್ಲಿ ಒಬ್ಬಳೇ ಪುಟ್ಟಿ. ಒಲೆಯ ಮೇಲಿನ ಹುಗ್ಗಿಗೆ ತುಪ್ಪ ಏಲಕ್ಕಿ ಬಿದ್ದು ಘಮ್ಮೆಂದ ಕೂಡಲೇ ಅವಳು ಗಂಟೆ ಬಾರಿಸಬೇಕು. ಗಂಟೆ ಕೇಳಿದ ಮೇಲೆಯೇ ಎಲ್ಲರೂ ಊಟಕ್ಕೆ ಬರುವುದು. ಆ ಪುಟ್ಟಿಯೇ ಪಲ್ಲವಿ. ಅವಳು ಗಂಟೆ ಬಾರಿಸದಿದ್ದರೆ ಕಥೆ ಅಲ್ಲೇ ನಿಲ್ಲುತ್ತದೆ.

"ರೀ, ನೀವು ಮನೇಲಿ ಸುಮ್ನೆ ತಾನೇ ಕೂತಿರ್ತೀರ, ವಾಸನೆ ಡಿಪಾರ್ಟ್‌ಮೆಂಟ್ ನಿಮ್ದೇ. ನಿಮ್ಮಷ್ಟು ಚುರುಕು ಮೂಗು ನಮ್ ಸ್ಟಾಫ್‌ನಲ್ಲಿ ಯಾರಿಗೂ ಇಲ್ಲ" ಎಂದಳು ಮೀನಾಕ್ಷಿ. ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. "ಅದಕ್ಕೇನಂತೆ" ಎಂದೆ.

ಮೊದಲ ನಾಲ್ಕು ದಿನ ಮೀನಾಕ್ಷಿಯೇ ಬೆಳಗ್ಗೆ ತುಪ್ಪದಲ್ಲಿ ಏಲಕ್ಕಿ ಬಾಡಿಸಿ ಒಂದು ಡಬ್ಬಿಗೆ ಹಾಕಿಕೊಡುತ್ತಿದ್ದಳು. ಪಲ್ಲವಿಯ ಪಕ್ಕ ಕೂತು ಸಮಯಕ್ಕೆ ಸರಿಯಾಗಿ ಮುಚ್ಚಳ ತೆಗೆಯುವುದು ನನ್ನ ಕೆಲಸ. ಆ ಹುಡುಗಿ ಮೂಗು ಅರಳಿಸುತ್ತಿದ್ದಳು, ಒಂದು ಕ್ಷಣ ತಡೆಯುತ್ತಿದ್ದಳು, ಆಮೇಲೆ ಇಡೀ ಮುಖದಲ್ಲಿ ನಗು ಹರಡಿ ಗಂಟೆ ಎತ್ತುತ್ತಿದ್ದಳು. ಒಂದು ಸಲವೂ ತಪ್ಪಲಿಲ್ಲ. ನಿಜ ಹೇಳುತ್ತೇನೆ, ಎಂಟು ವರ್ಷದ ಮಗುವಿನ ಮೂಗು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಐದನೆಯ ದಿನ ನನ್ನೊಳಗಿನ ಸೂಪರ್‌ವೈಸರ್ ಎದ್ದು ಕೂತ. ದಿನಾ ಬೇರೆ ಬೇರೆ ಮಾಡಿದರೆ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ, ಮಗುವಿಗೆ ಗೊಂದಲವಾಗುವುದಿಲ್ಲವೇ? ಒಂದೇ ಬ್ಯಾಚಿನಲ್ಲಿ ಎಲ್ಲವನ್ನೂ ಮಾಡಿಟ್ಟರೆ ಎಲ್ಲ ದಿನವೂ ಒಂದೇ ಗುಣಮಟ್ಟ. ಇನ್ನು ಡಬ್ಬಿಯ ಚಿಂತೆ ನನಗೆ ಬಿಡು ಎಂದು ಮೀನಾಕ್ಷಿಯನ್ನು ಶಾಲೆಗೆ ಕಳಿಸಿ ನಾನೇ ತುಪ್ಪ ಕಾಯಿಸಿ, ಏಲಕ್ಕಿ ಕುಟ್ಟಿ, ಆರು ಡಬ್ಬಿ ತುಂಬಿದೆ. ಪ್ರತಿ ಡಬ್ಬಿಗೂ "ಪರೀಕ್ಷಿಸಲಾಗಿದೆ" ಎಂದು ಚೀಟಿ ಅಂಟಿಸಿ ಸಹಿ ಹಾಕಿದೆ. ಚೀಟಿ ಇಲ್ಲದ ವಸ್ತು ನನ್ನ ಕೈಯಿಂದ ಎಂದೂ ಹೊರಗೆ ಹೋದದ್ದಿಲ್ಲ. ಇನ್ನು ಇರುವೆಯ ಕಾಟ. ನಮ್ಮ ದಾಸರಹಳ್ಳಿಯ ಮನೆಯಲ್ಲಿ ಇರುವೆ ಹೋಗದ ಜಾಗ ಒಂದೇ, ಮೀನಾಕ್ಷಿಯ ರೇಷ್ಮೆ ಸೀರೆಗಳ ಬೀರು. ಅಲ್ಲಿ ಸೀರೆಗಳ ಹಿಂದೆ, ಯಾರಿಗೂ ಅಡ್ಡಿಯಾಗದಂತೆ ಸಾಲಾಗಿ ಜೋಡಿಸಿಟ್ಟೆ. ಇರುವೆ ಅಲ್ಲಿಗೆ ಏಕೆ ಹೋಗುವುದಿಲ್ಲ ಎಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ.

ಮಧ್ಯೆ ಮೂರು ದಿನ ರಿಹರ್ಸಲ್ ನಡೆಯಲಿಲ್ಲ, ಡಬ್ಬಿಗಳು ಬೀರುವಿನಲ್ಲೇ ಇದ್ದವು. ಕೊನೆಯ ರಿಹರ್ಸಲ್ಲಿಗೆ ಹೆಡ್ ಮೇಡಂ ಬಂದು ಕೂತರು. ಪಲ್ಲವಿಯ ತಾಯಿ ರತ್ನಮ್ಮ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವಳು, ಅರ್ಧ ದಿನ ಪರ್ಮಿಷನ್ ಹಾಕಿ ಬಂದಿದ್ದಳು. ಮಗಳಿಗೆ ತಾನೇ ಹೊಲಿದ ಹಸಿರು ಲಂಗ ತೊಡಿಸಿದ್ದಳು. ಅಂಚಿಗೆ ಒರಟು ಒಂದು ಪಟ್ಟಿ, ನುಣುಪು ಒಂದು ಪಟ್ಟಿ ಇಟ್ಟಿದ್ದಳು, ಮಗಳು ಬೆರಳಾಡಿಸಿ ನೋಡಲಿ ಎಂದು. ಮೀನಾಕ್ಷಿ ಕೋಣೆಯ ಆಚೆ ತುದಿಯಲ್ಲಿ ನಿಂತು ಕಥೆ ಓದಿದಳು. ಹುಲ್ಲು ಬಂತು, ಗಾಳಿ ಬೀಸಿತು. "ಹುಗ್ಗಿಗೆ ತುಪ್ಪ ಬಿತ್ತು" ಎಂದಳು. ನಾನು ಮುಚ್ಚಳ ತೆಗೆದು ಡಬ್ಬಿ ಹಿಡಿದೆ.

ಪಲ್ಲವಿ ಮೂಗು ಅರಳಿಸಿದಳು. ಮುಖ ಹಿಂದಕ್ಕೆ ಎಳೆದುಕೊಂಡಳು. ಗಾಬರಿಯಲ್ಲಿ ವಾಸನೆ ತಲುಪಿಲ್ಲವೇನೋ ಎಂದುಕೊಂಡು ನಾನು ಡಬ್ಬಿಯನ್ನು ಇನ್ನೂ ಹತ್ತಿರ ಹಿಡಿದೆ. ಅವಳು ಕೈಯಿಂದ ತಳ್ಳಿದಳು. ನಾನು ಮತ್ತೆ ಹಿಡಿದೆ. ಮೂರನೆಯ ಸಲಕ್ಕೆ ಅವಳು ಗಂಟೆಯನ್ನು ಎಸೆದು ಜೋರಾಗಿ ಅತ್ತಳು. ಮೇಜಿನ ಕೆಳಗೆ ಹೋಗುವ ಮಗು ಮೇಜಿನ ಕೆಳಗೆ ಹೋಯಿತು. ಕಥೆ ನಿಂತಿತು.

ಹೆಡ್ ಮೇಡಂ ಕೆಟ್ಟವರಲ್ಲ. ವರಾಂಡದಲ್ಲಿ ರತ್ನಮ್ಮನ ಕೈ ಹಿಡಿದುಕೊಂಡೇ ಹೇಳಿದರು: "ಮಗೂಗೆ ಹಿಂಸೆ ಮಾಡೋದು ಬೇಡಮ್ಮ. ನಾಳಿದ್ದು ಅಷ್ಟೊಂದು ಜನ ಬರ್ತಾರೆ, ಇನ್ನೂ ಗಾಬರಿಯಾಗ್ತಾಳೆ. ಗಂಟೆ ಬೇರೆ ಯಾರಿಗಾದ್ರೂ ಕೊಡೋಣ. ಇವಳನ್ನ ಮುಂದಿನ ಸಾಲಲ್ಲೇ ಕೂರಿಸ್ತೀವಿ, ಆರಾಮಾಗಿ ನೋಡ್ಲಿ." ಕಾಣದ ಮಗು ಏನು ನೋಡಬೇಕು ಎಂದು ಅಲ್ಲಿ ಯಾರೂ ಕೇಳಲಿಲ್ಲ. ರತ್ನಮ್ಮ "ಆಯ್ತು ಮೇಡಂ, ಪರ್ವಾಗಿಲ್ಲ, ನಮಗೆ ಅಭ್ಯಾಸ ಐತೆ" ಎಂದಳು. ಲಂಗ ಬಿಚ್ಚಿಸಿ, ಯೂನಿಫಾರ್ಮ್ ಹಾಕಿ, ಲಂಗವನ್ನು ನೀಟಾಗಿ ಮಡಿಚಿ ಚೀಲದೊಳಗೆ ಇಟ್ಟಳು.

ನಾನು ಡಬ್ಬಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತಿದ್ದೆ. ಶಾಲೆಯ ಆಯಾ ನಿಂಗಮ್ಮ ಪೊರಕೆ ಹಿಡಿದು ಬಂದವಳು ನನ್ನ ಹತ್ತಿರ ನಿಂತು ಮೂಗು ಮುಚ್ಚಿಕೊಂಡಳು. "ಏನ್ ಸಾ ಇದು, ಬೀರು ವಾಸ್ನೆ ಒಡೀತೈತೆ? ನುಸಿಗುಳಿಗೆ ಆಕಿದ್ದೀರಾ ತುಪ್ಪಕ್ಕೆ? ಇದುನ್ನ ಆ ಕೂಸಿನ್ ಮೂಗಿಗ್ ಇಡಿದ್ರಾ?"

ನುಸಿಗುಳಿಗೆ. ಸೀರೆಗೆ ಹುಳು ಬೀಳದಿರಲಿ ಎಂದು ಮೀನಾಕ್ಷಿ ಬೀರುವಿನ ಮೂಲೆ ಮೂಲೆಗೂ ಇಟ್ಟಿದ್ದಳು. ತುಪ್ಪ ಅದನ್ನೆಲ್ಲ ಹೀರಿಕೊಂಡು ಕೂತಿತ್ತು. ಆ ಹುಡುಗಿ ತನ್ನ ಪಾಠವನ್ನು ತಪ್ಪಿರಲಿಲ್ಲ. ಇದು ಹುಗ್ಗಿಯಲ್ಲ, ಇದಕ್ಕೆ ಯಾರನ್ನೂ ಊಟಕ್ಕೆ ಕರೆಯಬಾರದು ಎಂದು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಹೇಳಿದ್ದಳು. ಅಷ್ಟೂ ಜನರಲ್ಲಿ ಸರಿಯಾಗಿ ಪರೀಕ್ಷೆ ಮಾಡಿದವಳು ಅವಳೊಬ್ಬಳೇ. ಸಹಿ ಮಾತ್ರ ನನ್ನದು.

ಈಗ ನಾನು ಓಡಿಹೋಗಿ ಎಲ್ಲವನ್ನೂ ಒಪ್ಪಿಕೊಂಡೆ ಎಂದು ಬರೆಯಲು ಆಸೆಯಿದೆ. ಹಾಗೆ ಆಗಲಿಲ್ಲ. ಡಬ್ಬಿಯನ್ನು ಮೋರಿಗೆ ಎಸೆದರೆ ಯಾರಿಗೂ ತಿಳಿಯುವುದಿಲ್ಲ, ನಿಂಗಮ್ಮನಿಗೆ ಏನಾದರೂ ಹೇಳಿದರಾಯಿತು ಎಂದು ಯೋಚಿಸುತ್ತಾ ಕೂತೆ. ಒಂಬತ್ತು ವರ್ಷದ ಮರ್ಯಾದೆಯ ಪ್ರಶ್ನೆ. ಅಷ್ಟರಲ್ಲಿ ರತ್ನಮ್ಮ ಮಗಳ ಕೈ ಹಿಡಿದು ಗೇಟಿನ ಹತ್ತಿರ ಹೋಗಿದ್ದಳು. ಪಲ್ಲವಿಯ ಇನ್ನೊಂದು ಕೈ ತನ್ನ ಯೂನಿಫಾರ್ಮಿನ ಅಂಚಿನಲ್ಲಿ ಆ ಪಟ್ಟಿಗಳನ್ನು ಹುಡುಕುತ್ತಿತ್ತು. ಅದನ್ನು ನೋಡಿ ನನಗೆ ನನ್ನ ಮೇಲೆ ಅಸಹ್ಯವಾಯಿತು. ಎದ್ದು ಹೋಗಿ "ರತ್ನಮ್ಮ, ಸ್ವಲ್ಪ ನಿಲ್ಲಮ್ಮ" ಎಂದು ಕರೆತಂದೆ.

ಹೆಡ್ ಮೇಡಂ ಮುಂದೆಯೂ ಮೊದಲು ಅರ್ಧ ಸುಳ್ಳನ್ನೇ ಹೇಳಿದೆ. "ಡಬ್ಬಿ ಅದಲು ಬದಲಾಗಿದೆ ಮೇಡಂ, ಮಗೂದು ತಪ್ಪಲ್ಲ." ಅವರು ಡಬ್ಬಿ ತೆಗೆದುಕೊಂಡು ಮೂಸಿ, ಮುಖ ಹಿಂಡಿ, ಚೀಟಿ ಓದಿದರು. "ನೀವೇ ಪರೀಕ್ಷೆ ಮಾಡಿ ಸೈನ್ ಹಾಕಿದ್ದೀರಲ್ಲ ಸಾರ್? ಇಷ್ಟು ವಾಸನೆ ನಿಮಗೆ ಬರ್ಲಿಲ್ವಾ?"

ಮೀನಾಕ್ಷಿ ಬಾಗಿಲಲ್ಲಿ ನಿಂತಿದ್ದಳು.

"ಬರಲ್ಲ ಮೇಡಂ" ಎಂದೆ. "ನನಗೆ ಯಾವ ವಾಸನೇನೂ ಬರಲ್ಲ. ಒಂಬತ್ತು ವರ್ಷ ಆಯ್ತು."

ರತ್ನಮ್ಮ ಮಗಳ ತಲೆ ಸವರುತ್ತಾ, "ಅಂಗಾದ್ರೆ ನಮ್ ಪಲ್ಲು ಸರಿಯಾಗೇ ಮಾಡ್ದಳಲ್ವಾ ಮೇಡಂ?" ಎಂದು ಕೇಳಿದಳು. ಹೆಡ್ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಸರಿಯಾಗೇ ಮಾಡಿದ್ದಾಳಮ್ಮ. ಗಂಟೆ ಅವಳದ್ದೇ. ನಾಳಿದ್ದು ಡಬ್ಬಿಗಿಬ್ಬಿ ಬೇಡ, ಬಿಸಿ ಹುಗ್ಗೀನೇ ಇಟ್ಟು ಅಲ್ಲೇ ತುಪ್ಪ ಹಾಕೋಣ" ಎಂದರು.

ಅವತ್ತು ಬಸ್ಸಿನಲ್ಲಿ ಮೀನಾಕ್ಷಿ ಕಿಟಕಿಯ ಕಡೆ ತಿರುಗಿ ಕೂತವಳು ದಾಸರಹಳ್ಳಿಯವರೆಗೂ ತಿರುಗಲಿಲ್ಲ. ಸುಳ್ಳು ಹೊಗಳಿಕೆಗೆ ಸಿಟ್ಟು ಎಂದುಕೊಂಡು ನಾನು ಕ್ಷಮಾಪಣೆಯ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಮನೆಗೆ ಬಂದು ಬೀರುವಿನಿಂದ ಉಳಿದ ಡಬ್ಬಿಗಳನ್ನು ಒಂದೊಂದಾಗಿ ಹೊರಗಿಟ್ಟ ಮೇಲೆ ಅವಳು ಕೇಳಿದಳು: "ಅತ್ತೆ ತೀರ್ಕೊಂಡ ವರ್ಷ, ನೀವು ಅಡುಗೆಮನೇಲೇ ಕೂತಿದ್ರೂ ಹಾಲು ಸೀದು ಕರಕಲಾಯ್ತಲ್ಲ, ಅದೂ ಇದಕ್ಕೇನಾ?" ಹೌದು ಎಂದೆ. "ನಾನು ನಿಮಗೆ ಮನೆ ಮೇಲೆ ಗ್ಯಾನವೇ ಇಲ್ಲ ಅಂತ ಎಷ್ಟು ದಿನ ಬೈದೆ. ಬೈಸ್ಕೊಂಡು ಸುಮ್ನಿದ್ರಲ್ರೀ." ಅವಳು ಕಣ್ಣೊರೆಸಿಕೊಂಡು ಅನ್ನಕ್ಕೆ ಇಟ್ಟಳು. ಸಾರಿನ ಮುಚ್ಚಳ ತೆಗೆದಾಗ ಮಾತ್ರ, "ಬೇಳೆ ಸಾರು. ಒಗ್ಗರಣೆ ಚೆನ್ನಾಗಿ ಬಂದಿದೆ" ಎಂದು ತಾನೇ ಹೇಳಿದಳು.

ಯಾವ ಮಗುವಿಗೆ ಕಥೆ ಹೇಗೆ ತಲುಪಬೇಕು ಎಂಬ ಒಂದು ಪಟ್ಟಿಯನ್ನು ಮೀನಾಕ್ಷಿ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದ್ದಳು. ಒಬ್ಬರಿಗೆ ಸದ್ದು ಬೇಡ, ಒಬ್ಬರಿಗೆ ಹತ್ತಿರದಿಂದ ತೋರಿಸಬೇಕು, ಪಲ್ಲವಿಗೆ ಕೈಗೂ ಮೂಗಿಗೂ ಕೊಡಬೇಕು, ಹೀಗೆ. ಹಬ್ಬದ ಬೆಳಗ್ಗೆ ಹೋಗಿ ನೋಡಿದರೆ ಪಟ್ಟಿಯ ಕೊನೆಯಲ್ಲಿ ಅವಳದೇ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿತ್ತು: "ನಮ್ಮ ಯಜಮಾನರು, ವಾಸನೆ ಬಿಟ್ಟು ಉಳಿದದ್ದೆಲ್ಲ." ಇಡೀ ಸ್ಟಾಫು ಅದನ್ನು ಓದಿಯಾಗಿತ್ತು. ನನ್ನನ್ನು ಎಲ್ಲ ಡಿಪಾರ್ಟ್‌ಮೆಂಟುಗಳಿಂದಲೂ ತೆಗೆದು ಮಕ್ಕಳ ಚಾಪೆಯ ಮೇಲೆ ಕೂರಿಸಿದರು. ಬೆಳೆ ಬಂದಾಗ ನನ್ನ ಅಂಗೈಗೂ ಹುಲ್ಲು ಬಂತು. ಗಾಳಿ ಬೀಸಿದಾಗ ನನ್ನ ಮುಖಕ್ಕೂ ತಣ್ಣೀರು ಬಿತ್ತು, ಸ್ವಲ್ಪ ಜಾಸ್ತಿಯೇ ಬಿತ್ತು.

ನಿಂಗಮ್ಮ ಬಿಸಿ ಹುಗ್ಗಿಯ ಪಾತ್ರೆಯ ಮುಂದೆ ಬಗ್ಗಿದ್ದಳು. ಅವಳ ಬೆನ್ನು ಅಡ್ಡವಾಗಿ ತುಪ್ಪ ಬಿತ್ತೋ ಇಲ್ಲವೋ ನನಗೆ ಕಾಣಲಿಲ್ಲ. ಹಸಿರು ಲಂಗದ ಪಲ್ಲವಿ ಗಂಟೆಯನ್ನು ಮಡಿಲಲ್ಲಿಟ್ಟುಕೊಂಡು ಅಲ್ಲಾಡದೆ ಕೂತಿದ್ದಳು. ಬಾಗಿಲ ಬಳಿ ರತ್ನಮ್ಮ ಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಹುಡುಗಿ ಮೊನ್ನೆಯ ನುಸಿಗುಳಿಗೆಗೆ ಹೆದರಿ ಈಗಲೂ ಬಾರಿಸದೆ ಹೋದರೆ ಆ ಪಾಪ ನನ್ನದೇ ಎಂದುಕೊಂಡೆ. ಪಕ್ಕದವರ ಮುಖ ನೋಡಿದ್ದರೆ ಘಮ ಬಂದಿದೆಯೋ ಇಲ್ಲವೋ ತಿಳಿಯುತ್ತಿತ್ತು. ನಾನು ಪಲ್ಲವಿಯ ಕೈಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಅವಳು ಮೂಗು ಅರಳಿಸಿದಳು, ತಡೆದಳು, ಇನ್ನೊಮ್ಮೆ ಮೂಸಿದಳು. ಖಚಿತ ಮಾಡಿಕೊಂಡು ಗಂಟೆ ಎತ್ತಿ ಬಾರಿಸಿದಳು, ನಿಲ್ಲಿಸದೆ ಬಾರಿಸಿದಳು.

ಸಭೆಯಲ್ಲಿದ್ದವರಿಗೆಲ್ಲ ಅದು ನಾಟಕದ ಗಂಟೆ. ತುಪ್ಪ ಬಿದ್ದದ್ದು ಅವರ ಮೂಗಿಗೆ ಆಗಲೇ ತಿಳಿದಿತ್ತು. ಅಷ್ಟು ಜನರಲ್ಲಿ ಆ ಗಂಟೆಯಿಂದಲೇ ವಿಷಯ ತಿಳಿಯಬೇಕಾಗಿದ್ದವನು ನಾನೊಬ್ಬನೇ. ಹುಗ್ಗಿ ಘಮ್ಮೆಂದಿದೆ, ಬಾ ಎಂದು ಒಬ್ಬರು ನನಗೆ ಹೇಳಿದ್ದರು. ಗದ್ದೆಯಲ್ಲಿದ್ದ ಮಕ್ಕಳೆಲ್ಲ ಎದ್ದು ಹೊರಟಾಗ ನಾನೂ ಎದ್ದು ಹೊರಟೆ. ಅರ್ಧ ದಾರಿಗೆ ಬಂದ ಮೇಲೆ ನಾಟಕದಲ್ಲಿ ನನಗೆ ಪಾತ್ರವಿಲ್ಲ ಎಂಬುದು ನೆನಪಾಯಿತು. ಅಷ್ಟು ಜನರ ನಡುವೆ ಮುಂದೆ ಹೋಗುವಂತಿಲ್ಲ, ಹಿಂದೆ ಬರುವಂತಿಲ್ಲ, ಕೈಯಲ್ಲಿ ಹುಲ್ಲು ಹಿಡಿದುಕೊಂಡು ನಿಂತೆ. ಮೈಕಿನ ಮುಂದಿದ್ದ ಮೀನಾಕ್ಷಿ ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಕಥೆಯಲ್ಲಿ ಇಲ್ಲದ ಹನ್ನೊಂದನೆಯ ಸಾಲನ್ನು, ಅಲ್ಲೇ ಬರೆದಿದೆಯೇನೋ ಎಂಬಂತೆ ಓದಿದಳು: "ತಾತನೂ ಬಂದ." ನನಗಿನ್ನೂ ಅರವತ್ತು ತುಂಬಿಲ್ಲ, ಮೊಮ್ಮಕ್ಕಳಿಲ್ಲ, ತಲೆಗೆ ಬಣ್ಣ ಹಚ್ಚುತ್ತೇನೆ. ಆದರೂ ತಕರಾರು ತೆಗೆಯದೆ ಹೋಗಿ ಪಲ್ಲವಿಯ ಪಕ್ಕ ಕೂತೆ.