ದಾಮು ಮಾವನಿಗೆ ತಕ್ಕ ವೋಡ್ಕಾ

ವೋಡ್ಕಾದ ವಿಷಯದಲ್ಲಿ ನನ್ನಷ್ಟು ತಿಳಿದವರು ಇಡೀ ದೇರೆಬೈಲಿನಲ್ಲಿ ಇಲ್ಲ. ಇದು ಬೇರೆಯವರು ಹೇಳಿದ್ದಲ್ಲ, ನಾನೇ ಹೇಳಿಕೊಂಡು ತಿರುಗುತ್ತಿದ್ದದ್ದು. ಶನಿವಾರ ಸಂಜೆ ಎರಡು ಪೆಗ್ ದಾಟದ ಮನುಷ್ಯನಿಗೆ ಇಷ್ಟು ದೊಡ್ಡ ಮಾತು ಯಾಕೆ ಎಂದು ನೀವು ಕೇಳಬಹುದು. ಕುಡಿಯುವುದು ಬೇರೆ, ತಿಳಿಯುವುದು ಬೇರೆ. ವೋಡ್ಕಾವನ್ನು ಗೋಧಿಯಿಂದ ಮಾಡುತ್ತಾರೋ ಬಟಾಟೆಯಿಂದಲೋ, ಎಷ್ಟು ಸಲ ಸೋಸುತ್ತಾರೆ, ಯಾವ ದೇಶದವರು ಯಾವುದರ ಜೊತೆ ಕುಡಿಯುತ್ತಾರೆ, ಎಲ್ಲವನ್ನೂ ನಾನು ಮೊಬೈಲಿನಲ್ಲಿ ನೋಡಿ ಅಭ್ಯಾಸ ಮಾಡಿದವನು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಕೆಲವರು ಭಗವದ್ಗೀತೆ ಓದುತ್ತಾರೆ. ನಾನು ಇದನ್ನು ಹಿಡಿದೆ.

ಈ ವಿದ್ಯೆ ಯಾರಿಗೂ ಬೇಡದೆ ಕೊಳೆಯುತ್ತಿದ್ದಾಗ ಮಗಳು ದೀಕ್ಷಾಳ ಮದುವೆಯ ಮಾತು ಬಂತು. ಹುಡುಗ ಶಕ್ತಿನಗರದವನು, ಬಂದರಿನಲ್ಲಿ ಕೆಲಸ, ಅವಳೇ ಮೆಚ್ಚಿದವನು. ಅವರ ಮನೆಯವರು ಒಪ್ಪಿದರು. ನಾವೂ ಒಪ್ಪಿದೆವು. ಒಪ್ಪಬೇಕಾದವರು ಒಬ್ಬರೇ ಉಳಿದರು, ದಾಮು ಮಾವ. ಅವರ ತೊಂದರೆ ಎಂದರೆ ಅವರು ತೀರಿಹೋಗಿದ್ದರು.

ದಾಮು ಮಾವ ನನ್ನ ಹೆಂಡತಿ ಸುಜಾತಳ ಸೋದರಮಾವ, ನನ್ನ ಅತ್ತೆಯ ತಮ್ಮ. ಅರ್ಧ ಆಯುಷ್ಯವನ್ನು ಬಹ್ರೈನಿನಲ್ಲಿ ಕಳೆದು ಬಂದವರು. ನಮ್ಮ ಕಡೆ ಅಪ್ಪ ಒಪ್ಪದಿದ್ದರೂ ಮದುವೆ ನಡೆದೀತು, ಮನೆಯ ಹಿರಿಯ ಸೋದರಮಾವ ಒಪ್ಪದೆ ನಡೆಯುವುದಿಲ್ಲ. ಸಾಯುವ ಮೊದಲು ಅವರು ಒಮ್ಮೆ ಹುಡುಗನ ಮನೆಗೆ ಹೋಗಿ ಬಂದಿದ್ದರು. "ಎಂತ ಮಾವ, ಸಂಬಂಧ ಹೇಗುಂಟು?" ಎಂದು ಸುಜಾತ ಕೇಳಿದರೆ, "ಎಂತ ಹೇಳುವುದು, ಅಷ್ಟು ದೂರದಿಂದ ಹೋದವನಿಗೆ ಒಂದು ಲೋಟ ಶರಬತ್ತು ಕೊಟ್ಟು ಕಳಿಸಿದ್ರು," ಎಂದು ಮುಖ ಹುಳಿ ಮಾಡಿದರು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅಷ್ಟರಲ್ಲಿ ಅವರಿಗೆ ಮೇಲಿನಿಂದ ಕರೆ ಬಂತು.

ಇನ್ನು ನನ್ನ ಅತ್ತೆ. ನಾವು ಇರುವುದು ಅವರ ಮನೆಯಲ್ಲಿ, ಆದ್ದರಿಂದ ನಾನು ಅವರನ್ನು ಮಾಮಿ ಎಂದು ಕರೆದು ಸ್ವಲ್ಪ ದೂರವೇ ನಿಲ್ಲುತ್ತೇನೆ. ಅವರೂ ನನ್ನ ಹತ್ತಿರ ನೇರ ಮಾತಾಡುವುದಿಲ್ಲ, ಸುಜಾತಳ ಮೂಲಕವೇ ಆಜ್ಞೆ ಹೊರಡುತ್ತದೆ. ಮಾಮಿ ತೀರ್ಮಾನ ಕೊಟ್ಟರು: "ದಾಮುವಿಗೆ ಬಡಿಸುವ. ಅಂವ ಉಂಡ ಗುರುತು ಕಂಡ್ರೆ ಮಾತ್ರ ದಿನ ನೋಡುವುದು. ಇಲ್ಲದಿದ್ರೆ ಈ ಮದುವೆ ಬೇಡ."

ತೀರಿಹೋದ ಹಿರಿಯರಿಗೆ ಬಡಿಸುವುದು ನಮ್ಮಲ್ಲಿ ಇರುವ ಕ್ರಮ. ಒಳಗಿನ ಕೋಣೆಯಲ್ಲಿ ದೀಪ ಹಚ್ಚಿ, ಬಾಳೆ ಎಲೆಯಲ್ಲಿ ಅವರಿಗೆ ಇಷ್ಟವಾದದ್ದನ್ನೆಲ್ಲ ಇಟ್ಟು, ಕುಡಿಯುವವರಾದರೆ ಅದನ್ನೂ ಇಟ್ಟು, ಬಾಗಿಲು ಎಳೆದು ಎಲ್ಲರೂ ಹೊರಗೆ ಕಾಯಬೇಕು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು. ಮನೆಯ ಹಿರಿಯರು ಆ ಎಲೆಯಿಂದ ಮೊದಲ ತುತ್ತು ತಿಂದ ಮೇಲೆ ಉಳಿದವರಿಗೆ ಪಾಲು.

ಮೊದಲ ಸಲ ಸುಜಾತಳ ತಮ್ಮ ರಘು ಬ್ರಾಂದಿ ಇಟ್ಟ. ಎಲೆಯಲ್ಲಿ ಒಂದು ಅಗುಳೂ ಅಲುಗಿರಲಿಲ್ಲ. ದೀಕ್ಷಾ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಗ ಮಾಮಿಗೆ ನೆನಪಾಯಿತು, ಬಹ್ರೈನಿನಿಂದ ಬಂದ ಮೇಲೆ ದಾಮು ಬ್ರಾಂದಿ ಮೂಸಿಯೂ ನೋಡಿದವನಲ್ಲ, ನೀರಿನ ಹಾಗೆ ಕಾಣುವ ಎಂತದೋ ಒಂದನ್ನು ಕುಡಿಯುತ್ತಿದ್ದ.

"ವೋಡ್ಕಾ," ಎಂದೆ ನಾನು, ಎದ್ದು ನಿಂತು. "ಈ ಜವಾಬ್ದಾರಿ ನನಗೆ ಬಿಡಿ."

ಸುಜಾತ ನನ್ನನ್ನು ಅಡುಗೆಮನೆಗೆ ಕರೆದಳು. "ನೋಡಿ, ಮಗಳ ಮದುವೆಯ ವಿಷಯ. ಅಂಗಡಿಯಿಂದ ಒಂದು ಬಾಟಲಿ ತರುವುದು, ಲೋಟಕ್ಕೆ ಹಾಕುವುದು, ಇಡುವುದು. ನಿಮ್ಮ ಬುದ್ಧಿ ಉಪಯೋಗಿಸ್ಲಿಕ್ಕೆ ಹೋಗಬೇಡಿ."

ಬುದ್ಧಿ ಇದ್ದವನಿಗೆ ಇಂಥ ಮಾತು ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಬ್ರಾಂದಿ ಇಟ್ಟದ್ದಕ್ಕೆ ಮುನಿಸಿಕೊಂಡ ಆತ್ಮ ತಪ್ಪು ವೋಡ್ಕಾಕ್ಕೆ ಸುಮ್ಮನಿದ್ದೀತೇ? ತುಲನಾತ್ಮಕ ಅಧ್ಯಯನ ಆಗಲೇಬೇಕಿತ್ತು. ನಾನು ಮೂರು ಬಾಟಲಿ ತಂದೆ. ಒಂದು ಪರದೇಶದಲ್ಲಿ ಹುಟ್ಟಿ ಪರದೇಶದಲ್ಲೇ ತುಂಬಿದ್ದು. ಇನ್ನೊಂದಕ್ಕೆ ರಷ್ಯಾದ ಹೆಸರು, ತುಂಬಿದ್ದು ಗೋವಾದಲ್ಲಿ. ಮೂರನೆಯದು ಅಪ್ಪಟ ನಮ್ಮದು, ಲೇಬಲ್ ಸ್ವಲ್ಪ ಓರೆಯಾಗಿ ಅಂಟಿಸಿದ್ದರು. ಮೂರನ್ನೂ ಮೂರು ಲೋಟಕ್ಕೆ ಹಾಕಿ, ತೀರ್ಪುಗಾರರಾಗಿ ಪಕ್ಕದ ಮನೆಯ ಭಟ್ರನ್ನು ಕರೆದೆ. ಭಟ್ರದ್ದು ದೇವಸ್ಥಾನದ ಪೂಜೆಯ ಮನೆತನ, ಇವರು ಮಾತ್ರ ಮೇಷ್ಟ್ರಾಗಿ ನಿವೃತ್ತರಾದವರು. ಇಂಥವರಿಗಿಂತ ನಿಷ್ಪಕ್ಷಪಾತಿ ಎಲ್ಲಿ ಸಿಗುತ್ತಾರೆ?

"ಶೆಟ್ರೆ, ನಾನು ಮುಟ್ಟುವವನಲ್ಲ," ಎಂದರು ಭಟ್ರು.

"ಮುಟ್ಟುವುದು ಬೇಡ, ಮೂಸಿದ್ರೆ ಸಾಕು."

ಮೂಗಿಗೆ ಮಡಿ ಮೈಲಿಗೆ ಉಂಟೋ ಇಲ್ಲವೋ ಎಂದು ಅವರು ಸ್ವಲ್ಪ ಹೊತ್ತು ಯೋಚಿಸಿದರು. ಇಲ್ಲ ಎಂದು ನಿರ್ಧಾರವಾಯಿತು. ಮೊದಲ ಲೋಟಕ್ಕೆ ಬಗ್ಗಿ, "ಇಂಜೆಕ್ಷನ್ ಕೊಡುವ ಮೊದಲು ಹತ್ತಿಯಲ್ಲಿ ಒರೆಸ್ತಾರಲ್ಲ, ಅದು," ಎಂದರು. ಎರಡನೆಯದಕ್ಕೆ, "ಇದೂ ಅದೇ." ಕೊನೆಗೆ ಪರದೇಶದ್ದನ್ನು ಮೂಸಿ ಕಣ್ಣು ಮುಚ್ಚಿಕೊಂಡರು. "ಇದೂ ಅದೇ ಮಾರಾಯ್ರೆ, ಆದ್ರೆ ಆಸ್ಪತ್ರೆ ಸ್ವಲ್ಪ ದೊಡ್ಡದು."

ದೊಡ್ಡ ಆಸ್ಪತ್ರೆಯನ್ನೇ ಆರಿಸಿದೆ. ಮುಂದಿನ ಪ್ರಶ್ನೆ, ಹೇಗೆ ಕುಡಿಸುವುದು? ಬೊಂಡದ ಎಳನೀರಿಗೆ ಹಾಕಿ ನೋಡಿದೆ. ಬೊಂಡವೂ ಹಾಳಾಯಿತು, ವೋಡ್ಕಾವೂ ಹಾಳಾಯಿತು. ಪುನರ್ಪುಳಿ ಹಣ್ಣಿನ ಶರಬತ್ತಿಗೆ ಹಾಕಿದರೆ ಬಣ್ಣ ಚಂದ, ಆದರೆ ಶರಬತ್ತಿನ ಹೆಸರೆತ್ತಿದರೆ ಮಾವ ಎಲೆ ಬಿಟ್ಟು ಎದ್ದುಹೋಗುವ ಅಪಾಯವಿತ್ತು. ಗಾಂಧಾರಿ ಮೆಣಸು ಜಜ್ಜಿ, ಲಿಂಬೆ ಹಿಂಡಿ, ಉಪ್ಪು ಸೇರಿಸಿ ಒಂದು ಗುಟುಕು ಕುಡಿದೆ. ಆಮೇಲೆ ಬಹಳ ಹೊತ್ತು ಕುಡಿದದ್ದು ಬರೀ ಮಜ್ಜಿಗೆ. ಕಣ್ಣು ಮೂಗು ಎರಡರಲ್ಲೂ ನೀರು ಸುರಿಸುತ್ತಾ ಕುಳಿತಿದ್ದ ನನ್ನನ್ನು ಕಂಡು ದೀಕ್ಷಾ ಓಡಿ ಬಂದಳು. "ಅಪ್ಪ, ನನ್ನ ಮದುವೆಗೆ ಇಷ್ಟು ಬೇಜಾರು ಮಾಡ್ಬೇಡಿ, ಎಲ್ಲ ಸರಿಯಾಗ್ತದೆ," ಎಂದು ಬೆನ್ನು ಸವರಿದಳು. ನಾನು ಮತ್ತೆ ಮಜ್ಜಿಗೆಗೆ ಕೈ ಚಾಚಿದೆ, ಬಾಯಿ ಉರಿಯುತ್ತಿತ್ತು.

ಕೊನೆಗೆ ಮೊಬೈಲ್ ದಾರಿ ತೋರಿಸಿತು. ಒಳ್ಳೆಯ ವೋಡ್ಕಾಕ್ಕೆ ಏನೂ ಬೆರೆಸಬಾರದು, ಕೊರೆಯುವಷ್ಟು ತಣ್ಣಗಿರಬೇಕು, ಅದನ್ನು ಮಂಜುಗಡ್ಡೆಯಿಂದಲೇ ಮಾಡಿದ ಗ್ಲಾಸಿನಲ್ಲಿ ಕೊಡಬೇಕು. ಇದಕ್ಕಿಂತ ದೊಡ್ಡ ಮರ್ಯಾದೆ ಆ ದೇಶಗಳಲ್ಲಿ ಇಲ್ಲವಂತೆ. ದೊಡ್ಡ ಸ್ಟೀಲ್ ಲೋಟದಲ್ಲಿ ಸಣ್ಣ ಲೋಟ ಕೂರಿಸಿ, ನಡುವೆ ನೀರು ತುಂಬಿ, ಫ್ರೀಜರಿನಲ್ಲಿ ಬಂಗುಡೆ ಮೀನಿನ ಪ್ಲಾಸ್ಟಿಕ್ ತೊಟ್ಟೆಗಳನ್ನು ಸರಿಸಿ ಜಾಗ ಮಾಡಿ ಇಟ್ಟೆ. ಎರಡು ಗ್ಲಾಸ್ ಒಡೆದವು. ಮೂರನೆಯದು ನಿಂತಿತು. ಪಳಪಳ ಹೊಳೆಯುತ್ತಿತ್ತು, ಬಂಗುಡೆಯ ವಾಸನೆ ಸ್ವಲ್ಪವೇ ಸ್ವಲ್ಪ ಇತ್ತು.

ಬಡಿಸಿದ್ದು ಮೇ ತಿಂಗಳ ಒಂದು ಭಾನುವಾರ ಸಂಜೆ. ಮೈಯಿಂದ ಬೆವರು ಇಳಿಯುವ ಸೆಕೆ. ಎಲೆಯ ಮೇಲೆ ಅನ್ನ, ಕೋಳಿ ಸುಕ್ಕ, ಹುರಿದ ಬಂಗುಡೆ, ಮಧ್ಯದಲ್ಲಿ ಪೇರಿಸಿದ ಗರಿಗರಿ ಅಕ್ಕಿ ರೊಟ್ಟಿ, ಅದರ ಮೇಲೆ ಸ್ವಲ್ಪವೇ ಕೋಳಿ ಸಾರು, ನಮ್ಮ ಗಸಿ. ಪಕ್ಕದಲ್ಲಿ ಎಣ್ಣೆ ದೀಪ. ಎಲ್ಲ ಆದ ಮೇಲೆ ನಾನು ವೋಡ್ಕಾ ತುಂಬಿದ ಗ್ಲಾಸನ್ನು ಬಟ್ಟೆಯಲ್ಲಿ ಹಿಡಿದು ತಂದು, ನೆಲ ಸಮ ಇಲ್ಲವೆಂದು ಎಲೆಯ ಮೇಲೆಯೇ ರೊಟ್ಟಿಗೆ ಒರಗಿಸಿ ಇಟ್ಟೆ. ದೀಪದ ಬೆಳಕಿನಲ್ಲಿ ಅದು ವಜ್ರದ ಹಾಗೆ ಕಂಡಿತು. ಮಾಮಿಗೂ ಮೆಚ್ಚುಗೆಯಾಯಿತು.

"ಸುಜಾತ, ಫಾರಿನ್ ಗ್ಲಾಸಾ ಅಂತ ಕೇಳು."

"ಹೌದು ಮಾಮಿ," ಎಂದುಬಿಟ್ಟೆ. ಅತ್ತೆ ಮೆಚ್ಚುವುದು ವರ್ಷಕ್ಕೊಮ್ಮೆ, ಆಗ ವಿವರ ಕೊಡುತ್ತಾ ಕೂರಲು ಯಾರಿಗೆ ಮನಸ್ಸು ಬರುತ್ತದೆ?

ರಘು ಬಾಗಿಲು ಎಳೆದ. ಎಲ್ಲರೂ ಹೊರಗೆ ಚಾಪೆಯ ಮೇಲೆ ಕುಳಿತೆವು. ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆಯುವುದು. ಈ ಸಲ ರಘು ಎದ್ದಾಗಲೆಲ್ಲ ಮಾಮಿ, "ಕೂತುಕೋ, ದಾಮು ನಿಧಾನ ಉಣ್ಣುವವ," ಎಂದು ತಡೆದರು. ದೀಕ್ಷಾ ಕಣ್ಣು ಮುಚ್ಚಿ ಕೈ ಮುಗಿದು ಕುಳಿತಿದ್ದಳು. ನಾನು ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಮಂಜುಗಡ್ಡೆಗೆ ಕರಗುವ ಸ್ವಭಾವ ಉಂಟು ಎಂಬ ವಿಷಯ, ಇಷ್ಟೆಲ್ಲ ಅಧ್ಯಯನ ಮಾಡಿದವನ ತಲೆಗೆ ಹೋಗಲೇ ಇಲ್ಲ.

ಬಾಗಿಲು ತಟ್ಟಿ ಒಳಗೆ ಹೋದೆವು. ರಘು ಬಗ್ಗಿ ನೋಡಿದ, ಮತ್ತೆ ನೋಡಿದ.

"ಅಮ್ಮ, ಗ್ಲಾಸ್ ಇಲ್ಲ."

ವೋಡ್ಕಾ ಇರಲಿಲ್ಲ. ಗ್ಲಾಸೂ ಇರಲಿಲ್ಲ. ದೀಕ್ಷಾಳ ಮುಖ ಅರಳಿತು. "ಅಜ್ಜ ಬಂದಿದ್ರು ಅಜ್ಜಿ! ಕುಡಿದು ಗ್ಲಾಸನ್ನೂ ತಕೊಂಡು ಹೋಗಿದ್ದಾರೆ."

ಮಾಮಿಯ ಮುಖ ಮಾತ್ರ ಬಾಡಿತು. ಗೋಡೆ ಹಿಡಿದು ಕುಳಿತರು. "ತಕೊಂಡು ಹೋದ್ರೆ ಒಳ್ಳೆಯದಲ್ಲ ಮಗಾ. ಬಹ್ರೈನಿಗೆ ಹೋಗುವಾಗ ಅಂವ ತನ್ನ ಲೋಟ ಪೆಟ್ಟಿಗೆಗೆ ಹಾಕಿಕೊಂಡೇ ಹೋದದ್ದು. ಮತ್ತೆ ವರ್ಷಗಟ್ಟಲೆ ಈ ಕಡೆ ಮುಖ ಹಾಕ್ಲಿಲ್ಲ. ಇನ್ನು ಈ ಮನೆಯ ಋಣ ಬೇಡ ಅಂತ ಹೇಳಿ ಹೋಗಿದ್ದಾನೆ. ಈ ಮದುವೆ ಬೇಡ."

ದೀಕ್ಷಾ ಬಿಕ್ಕಿ ಅಳತೊಡಗಿದಳು. ಇನ್ನು ಮರ್ಯಾದೆ ನೋಡಿದರೆ ಆಗುವುದಿಲ್ಲ ಎಂದು ಮುಂದೆ ಬಂದೆ. "ಮಾಮಿ, ಮಾವ ಎಂತದೂ ತಕೊಂಡು ಹೋಗ್ಲಿಲ್ಲ. ಅದು ಮಂಜುಗಡ್ಡೆಯ ಗ್ಲಾಸ್. ಕರಗಿದ್ದು."

ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು.

"ಎಷ್ಟು ಕುಡಿದಿದ್ದೀರಿ?" ಎಂದು ಕೇಳಿದಳು ಸುಜಾತ.

"ಒಂದು ಹನಿಯೂ ಇಲ್ಲ. ಫ್ರೀಜರಿನಲ್ಲಿ ನಾನೇ ಮಾಡಿದ್ದು ಮಾರಾಯ್ತಿ."

"ಭಾವ, ಮಂಜುಗಡ್ಡೆಯಲ್ಲಿ ಗ್ಲಾಸ್ ಮಾಡ್ತಾರಾ ಯಾರಾದ್ರೂ?" ಎಂದ ರಘು. "ಈಗಷ್ಟೆ ಫಾರಿನ್ ಗ್ಲಾಸ್ ಅಂದ್ರಲ್ಲ?"

"ಎಲೆಯಲ್ಲಿ ನೀರು ನಿಂತಿದೆ, ನೋಡು."

"ಅದು ಗಸಿ."

ಗಸಿಯೇ ಇರಬಹುದು. ವೋಡ್ಕಾವನ್ನೂ ನೀರನ್ನೂ ಆ ರೊಟ್ಟಿ ಪೂರ್ತಿ ಹೀರಿಕೊಂಡಿತ್ತು. ಗರಿಗರಿಯಾಗಿದ್ದದ್ದು ಉಬ್ಬಿ ಮೆತ್ತಗೆ ಕುಳಿತಿತ್ತು. ಮಾಮಿ ಕಣ್ಣೊರೆಸಿಕೊಂಡು, "ಆದದ್ದಾಯ್ತು, ಎಲೆಯನ್ನು ಹಾಗೇ ಬಿಡ್ಲಿಕ್ಕೆ ಆಗುವುದಿಲ್ಲ," ಎಂದು ಕ್ರಮದ ಪ್ರಕಾರ ಮೊದಲ ತುತ್ತಿಗೆ ರೊಟ್ಟಿಯನ್ನೇ ಮುರಿದರು. ತಿಂದರು. ನಾಲಿಗೆಯಿಂದ ತುಟಿ ಸವರಿಕೊಂಡರು.

"ರೊಟ್ಟಿ ಲಾಯ್ಕುಂಟು," ಎಂದು ಇನ್ನೊಂದು ತುಂಡು ತೆಗೆದರು. ಇನ್ನೊಂದು. ಉಳಿದವರಿಗೆ ಪಾಲು ಕೊಡುವ ವಿಷಯವನ್ನೇ ಮರೆತು ರೊಟ್ಟಿ ಪೂರ್ತಿ ಮುಗಿಸಿದರು. ಜನ್ಮದಲ್ಲಿ ಒಂದು ಗುಟುಕು ಮುಟ್ಟದವರು. ಕೆನ್ನೆ ಕೆಂಪಾಯಿತು. ತುಟಿಯ ಕೊನೆಯಲ್ಲಿ ನಗು ಕಾಣಿಸಿತು. ಮದುವೆಯಾದಂದಿನಿಂದ ಅವರ ನಗುವನ್ನು ನಾನು ಮೊದಲ ಸಲ ಕಂಡದ್ದು ಆಗಲೇ.

"ಸುಜಾತ, ದಾಮು ಬಂದಿದ್ದಾನೆ."

"ಎಲ್ಲಿದ್ದಾರೆ ಅಮ್ಮ?"

"ಇಲ್ಲೇ," ಎಂದು ಎದೆ ಮುಟ್ಟಿಕೊಂಡರು. "ಬೆಚ್ಚಗೆ ಉಂಟು. ಅಕ್ಕ, ಹುಡುಗ ಒಳ್ಳೆಯವ, ಮದುವೆ ಮಾಡು ಅಂತಿದ್ದಾನೆ. ಶರಬತ್ತಿನ ಸಿಟ್ಟು ಹೋಯ್ತಂತೆ."

ದೀಕ್ಷಾ ಅಜ್ಜಿಯನ್ನು ತಬ್ಬಿಕೊಂಡಳು. ರಘು ಕೈ ಮುಗಿದು ನಿಂತ. ಮಾಮಿ ಅವಳ ತಲೆ ಸವರುತ್ತಾ ಮುಂದುವರಿಸಿದರು. "ಮತ್ತೆ ಗ್ಲಾಸ್ ಯಾಕೆ ತಕೊಂಡು ಹೋದದ್ದು ಗೊತ್ತುಂಟಾ? ಅದನ್ನೂ ಹೇಳ್ತಿದ್ದಾನೆ. ಈ ಮನೆಯ ಅಳಿಯ ಇನ್ನು ಕುಡಿಯಬಾರದಂತೆ. ಶನಿವಾರವೂ ಇಲ್ಲವಂತೆ."

ನಾನು ಬಾಯಿ ತೆರೆದೆ. ಅದು ದಾಮು ಮಾವನಲ್ಲ, ದೊಡ್ಡ ಆಸ್ಪತ್ರೆಯ ವೋಡ್ಕಾ ಮಾತಾಡುತ್ತಿರುವುದು ಎಂದು ಹೇಳಲು ಆ ಕೋಣೆಯಲ್ಲಿ ನನ್ನಷ್ಟು ಅರ್ಹತೆ ಇದ್ದವರು ಬೇರೆ ಇರಲಿಲ್ಲ. ಹೇಳಿದರೆ ಶನಿವಾರ ಉಳಿಯುತ್ತಿತ್ತು, ಮದುವೆ ಹೋಗುತ್ತಿತ್ತು. ಅಜ್ಜಿಯ ಹೆಗಲ ಮೇಲಿಂದ ದೀಕ್ಷಾ ನನ್ನನ್ನೇ ನೋಡುತ್ತಿದ್ದಳು.

"ಎಂತ, ಸುಜಾತ, ನಿನ್ನ ಗಂಡನಿಗೆ ಈಗಲೂ ಅನುಮಾನ ಉಂಟಾ? ಆಗ ಮಂಜುಗಡ್ಡೆ ಅಂತ ಎಂತದೋ ಹೇಳ್ತಿದ್ರು."

"ಇಲ್ಲ ಮಾಮಿ," ಎಂದೆ. "ಮಂಜುಗಡ್ಡೆಯೂ ಇಲ್ಲ, ಎಂತದೂ ಇಲ್ಲ. ಗ್ಲಾಸ್ ತಕೊಂಡು ಹೋದದ್ದು ದಾಮು ಮಾವನೇ."

ಸುಜಾತ ನನ್ನ ಹತ್ತಿರ ಬಂದು ಮುಖ ನೋಡಿ, ಸಮಾಧಾನದ ಉಸಿರು ಬಿಟ್ಟಳು.

"ಸದ್ಯ, ಅಮಲು ಇಳೀತು," ಎಂದಳು.